ಬೆಲ್ಲದ ಕೊಪ್ಪರಿಗೆಯ ಜಲಯಾನ

ದಾಂಡೇಲಿಯ ನಮ್ಮ ಓಣಿಯಲ್ಲಿ ಬಟ್ಟೆ ಒಣಹಾಕುವ ತಂತಿಗಳ ಬಣ್ಣ ಬದಲಾಗಿದೆ. ಮೊದಲು ಕಾಗದದ ಕಾರ್ಖಾನೆಯ ಖಾಕಿ ಅಂಗಿಗಳು ಸಾಲಾಗಿ ತೂಗುತ್ತಿದ್ದ ಕಡೆ ಈಗ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು ತೂಗುತ್ತವೆ. ಎದುರು ಮನೆಯ ಅಣ್ಣತಮ್ಮಂದಿರು ಕಾಳಿ ನದಿಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ, ಬಂಡೆಗಳ ನಡುವೆ ಕುಲುಕಾಡಿಸಿ, ಜೀವಂತವಾಗಿ ವಾಪಸು ತರುವ ಕೆಲಸ ಮಾಡುತ್ತಾರೆ. ಸಂಜೆ ಜಾಕೆಟ್‌ಗಳನ್ನು ತೊಳೆದು ತಂತಿಗೆ ಹಾಕುತ್ತಾರೆ. ಗಾಳಿ ಬಂದರೆ ಅವು ತಲೆಯಿಲ್ಲದ ದಪ್ಪ ಮನುಷ್ಯರ ಹಾಗೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಏನೋ ವಾದ ಮಾಡುತ್ತಿರುವಂತೆ ಕಾಣುತ್ತವೆ.

ಅವುಗಳನ್ನು ನೋಡುತ್ತ ಚಹಾ ಕುಡಿಯುವುದು ನಿವೃತ್ತಿಯ ನಂತರ ನನಗೆ ಅಂಟಿದ ಚಟ. ನಾನು ಹಳಿಯಾಳದ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿದವನು. ಧಾರವಾಡದ ಗ್ರಂಥಾಲಯದಲ್ಲಿ ಕೂತು, ಸಮುದ್ರವನ್ನು ನೆಟ್ಟಗೆ ಒಂದು ಸಲವೂ ನೋಡದೆ, ಪಶ್ಚಿಮ ಕರಾವಳಿಯ ಹಡಗುಗಳ ಮೇಲೆ ಪ್ರಬಂಧ ಬರೆದು ಡಾಕ್ಟರ್ ಎನಿಸಿಕೊಂಡೆ. ಈಜು ಬಾರದು. ದೋಣಿ ಹತ್ತಿದವನೂ ಅಲ್ಲ. ಹಡಗುಗಳ ಬಗ್ಗೆ ಮನೆಗೆ ಬಂದವರ ಮುಂದೆ ನಾನು ಮಾತು ತೆಗೆದರೆ ನನ್ನ ಹೆಂಡತಿ ಒಳಗಿನಿಂದಲೇ, ಇವರು ಬಕೀಟಿನ ನೀರಿಗೂ ಮುಳುಗದ ಹಾಗೆ ಸಾಬೂನಿನ ಡಬ್ಬಿ ಹಿಡಕೊಂಡು ಇಳಿಯುವವರು ಎಂದು ಹೇಳಿ ನಗಿಸುತ್ತಾಳೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಅಡುಗೆ ಬಾರದವರು ಊಟದ ಬಗ್ಗೆ ಚೆನ್ನಾಗಿಯೇ ಮಾತಾಡುತ್ತಾರೆ.

ದೋಣಿ ಹತ್ತಿದವನಲ್ಲ ಎಂದೆನಲ್ಲ, ಅದನ್ನು ಸ್ವಲ್ಪ ತಿದ್ದಬೇಕು. ವರ್ಷವೂ ಹೊಸ ತರಗತಿಯ ಮುಂದೆ ನೌಕೆಗಳ ಪಾಠವನ್ನು ನಾನು ಒಂದೇ ವಾಕ್ಯದಿಂದ ಶುರು ಮಾಡುತ್ತಿದ್ದೆ: ನಾನು ಹತ್ತಿದ ಮೊದಲ ಹಡಗು ಬೆಲ್ಲದ ಕೊಪ್ಪರಿಗೆ. ಹುಡುಗರು ನಗುತ್ತಿದ್ದರು, ನಕ್ಕ ಮೇಲೆ ಪಾಠ ಕೇಳುತ್ತಿದ್ದರು. ಮೇಷ್ಟರಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಆಗ ನನಗೆ ಆರು ವರ್ಷ ಇರಬಹುದು. ನನ್ನ ಅವ್ವನ ತಂಗಿಯನ್ನು, ನಾನು ಚಿಗವ್ವ ಎನ್ನುತ್ತೇನೆ, ಮುಂಡಗೋಡ ತಾಲೂಕಿನ ಪಾಳಾಕ್ಕೆ ಕೊಟ್ಟಿದ್ದರು. ಮಳೆಗಾಲದ ಶುರುವಿಗೆ ಅಲ್ಲಿಗೆ ಹೋಗಿ ಉಳಿದಿದ್ದೆ. ಒಂದು ನಸುಕಿನಲ್ಲಿ ಊರ ಕೆರೆ ತುಂಬಿ ದಂಡೆ ದಾಟಿತು. ಅವರ ಮನೆ ತಗ್ಗಿನಲ್ಲಿ. ಹಿತ್ತಲಿಗೆ, ಅಂಗಳಕ್ಕೆ, ಕೊನೆಗೆ ಪಡಸಾಲೆಗೆ ನೀರು ಬಂತು. ಗಂಡಸರು ದನಗಳನ್ನು ಹೊಡೆದುಕೊಂಡು ದಿಬ್ಬಕ್ಕೆ ಹೋಗಿದ್ದರು. ಚಿಗವ್ವ ಗಾಣದ ಮನೆಯಿಂದ, ಕಬ್ಬಿನ ಹಾಲು ಕುದಿಸುವ ದೊಡ್ಡ ಕಬ್ಬಿಣದ ಕೊಪ್ಪರಿಗೆಯನ್ನು ನೀರಿಗೆ ಎಳೆದಳು. ಅದರಲ್ಲಿ ತೊಟ್ಟಿಲ ಕೂಸು ಮಲ್ಲಪ್ಪನನ್ನು ಮಲಗಿಸಿದಳು, ಅವನ ಸುತ್ತ ಮನೆಯಲ್ಲಿ ಉಳಿದಿದ್ದ ಬೆಲ್ಲದ ಪೆಂಟೆಗಳನ್ನು ಇಟ್ಟಳು, ಒಂದು ಆಡಿನ ಮರಿಯನ್ನು ಇಟ್ಟಳು, ನನ್ನನ್ನೂ ಕೂರಿಸಿದಳು. ನಡುಮಟ್ಟದ ನೀರಿನಲ್ಲಿ ದಬ್ಬಿಕೊಂಡು ಹೋಗಿ ಗುಡಿಯ ಕಟ್ಟೆಗೆ ಮುಟ್ಟಿಸಿದಳು. ಕೂಸಿನ ಮುಖದ ಮೇಲೆ ಮಳೆಹನಿ ಬಿದ್ದಾಗ ಅದು ಕಣ್ಣು ಪಿಳುಕಿಸಿದ್ದು, ಆಡಿನ ಮರಿ ಬೆಲ್ಲ ನೆಕ್ಕಿದ್ದು, ನನ್ನ ಬಾಯಿಗೆ ಬಂದ ನೀರು ಸಿಹಿಯಾಗಿದ್ದದ್ದು, ಎಲ್ಲ ನನ್ನ ಕಣ್ಣ ಮುಂದಿದೆ.

ಕಣ್ಣ ಮುಂದಿದೆ ಎಂಬುದೇ ನನ್ನ ತಕರಾರು. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಮುಖ್ಯವಾಗಿ ಒಂದೇ ವಿದ್ಯೆ, ಅನುಮಾನ. ಬೇರೆಯವರ ಮೇಲೆ ಅದನ್ನು ಪ್ರಯೋಗಿಸಿ ಸಂಬಳ ಪಡೆದೆ. ವಯಸ್ಸಾದಂತೆ ಅದು ಮನೆಯವರ ಮೇಲೇ ತಿರುಗಿತು. ಗಾಣ ನಡೆಯುವುದು ಚಳಿಗಾಲದಲ್ಲಿ, ಕೆರೆ ತುಂಬುವುದು ಮಳೆಗಾಲದಲ್ಲಿ. ತಿಂಗಳುಗಟ್ಟಲೆ ಬರಿದಾಗಿ ಬಿದ್ದ ಕೊಪ್ಪರಿಗೆಯಲ್ಲಿ ನೀರು ಸಿಹಿಯಾಗುವುದು ಹೇಗೆ? ಅದರೊಳಗೆ ಕೂತವನಿಗೆ ಪಕ್ಕದಲ್ಲಿ ಮಲಗಿದ ಕೂಸಿನ ಕೆನ್ನೆ ಕಾಣಬೇಕು. ನನಗೆ ಮಾತ್ರ ಅದರ ಇಡೀ ಮುಖ, ಮೇಲಿನಿಂದ ನೋಡಿದಂತೆ, ಕಾಣುತ್ತಿದೆ. ಮೇಲೆ ನಾನು ಹೇಗಿದ್ದೆ? ಹಾರುತ್ತಿದ್ದೆನೆ? ಚಿಗವ್ವ ವರ್ಷವೂ ಹೇಳಿದ ಕೂಸಿನ ಕಥೆಯನ್ನೇ ನಾನು ಕಂಡದ್ದು ಎಂದು ನಂಬಿದೆನೋ ಏನೋ. ನಿಮಗೂ ಇಂಥ ಒಂದೆರಡು ನೆನಪು ಇರುತ್ತವೆ. ಒಳ್ಳೆಯ ದಿನ ನೋಡಿ ಅವುಗಳನ್ನು ಪ್ರಶ್ನೆ ಮಾಡಿ, ಅರ್ಧ ಬಾಲ್ಯ ಕೈಬಿಟ್ಟು ಹೋಗುತ್ತದೆ.

ಕಾಗದದ ದೋಣಿಯ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಅಪ್ಪ ಬೆಳಗಾವಿ ಜಿಲ್ಲೆಯ ಎರೆಮಣ್ಣಿನ ಊರಿನಿಂದ ಕಾರ್ಖಾನೆಯ ಕೆಲಸಕ್ಕೆ ಬಂದವರು. ನಮ್ಮ ಸಾಲಿನ ಮನೆಗಳೆಲ್ಲ ಅಂಥ ಬಯಲುಸೀಮೆಯವರವೇ. ನದಿ ಪಕ್ಕದಲ್ಲೇ ಹರಿಯುತ್ತಿದ್ದರೂ ಅದರಲ್ಲಿ ಮೊಸಳೆ ಇದೆ ಎಂದು ನಮ್ಮನ್ನು ಕಟ್ಟಿಹಾಕಿದಂತೆ ಬೆಳೆಸಿದರು. ಮೊಸಳೆ ಇದ್ದದ್ದು ನಿಜ. ಹಾಗಾಗಿ ನಮ್ಮ ಜಲಯಾನವೆಲ್ಲ ಗಟಾರದಲ್ಲಿ. ಬೇರೆ ಊರಿನ ಮಕ್ಕಳಿಗೆ ಹಳೆಯ ಪಟ್ಟಿಯ ಹಾಳೆ ಸಿಕ್ಕರೆ ಹೆಚ್ಚು, ನಮ್ಮದು ಕಾಗದದ ಊರು. ಅಂಚು ಹರಿದ ಹಾಳೆಗಳು ಅಪ್ಪಂದಿರ ಜೊತೆ ಮನೆಗೆ ಬರುತ್ತಿದ್ದವು. ಹೊಳಪಿನ ಹಾಳೆಯ ದೋಣಿ ಬಹಳ ದೂರ ಹೋಗುತ್ತದೆ, ಒರಟು ಹಾಳೆಯದು ಎರಡನೆಯ ಮನೆ ದಾಟುವುದರೊಳಗೆ ನೀರು ಕುಡಿದು ಕೂರುತ್ತದೆ, ದಪ್ಪ ರಟ್ಟಿನದು ಹೊರಡುವುದೇ ಇಲ್ಲ ಎಂಬುದೆಲ್ಲ ಅಕ್ಷರ ಕಲಿಯುವ ಮೊದಲೇ ನಮಗೆ ಗೊತ್ತಿತ್ತು. ಮನುಷ್ಯರೂ ಹೀಗೇ ಕಲಿತಿರಬೇಕು. ಯಾರೋ ತೇಲುವ ಕೊರಡನ್ನು ಅಪ್ಪಿಕೊಂಡು ಹೊಳೆ ದಾಟಿದ, ಇನ್ಯಾರೋ ಅದರ ಹೊಟ್ಟೆ ಕೊರೆದು ಒಳಗೆ ಕೂತ. ಮರ ಇಲ್ಲದ ಕಡೆಯವರು ಜೊಂಡು ಕಟ್ಟಿದರು. ತುಂಗಭದ್ರೆಯ ದಂಡೆಯಲ್ಲಿ ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿ ಹರಿಗೋಲು ಮಾಡಿದರು. ನಮ್ಮ ಕರಾವಳಿಯವರು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಬಟ್ಟೆ ಹೊಲಿದಂತೆ ಹೊಲಿದು, ಸಂದಿಗೆ ಮೀನೆಣ್ಣೆ ಮೆತ್ತಿ, ಅರಬಸ್ಥಾನದವರೆಗೆ ಹೋದರು. ಗೋವೆಯ ಕದಂಬರ ಕಾಲದ ವೀರಗಲ್ಲಿನ ಮೇಲೆ ಹಡಗಿನ ಕಾಳಗ ಕೆತ್ತಿದ್ದಾರೆ. ಸಾಲಾಗಿ ಕೂತು ಹುಟ್ಟು ಹಾಕುವ ಆ ಪುಟ್ಟ ಮನುಷ್ಯರನ್ನು ನೋಡಿದಾಗಲೆಲ್ಲ ನನಗೆ ಅನಿಸುವುದು, ಯುದ್ಧ ಯಾರದ್ದಾದರೂ ಆಗಲಿ, ಬೆನ್ನು ನೋವು ಇವರದು.

ಹಡಗಿನ ಇತಿಹಾಸದಲ್ಲಿ ನನಗೆ ಪ್ರೀತಿಯ ಘಟ್ಟ ಕಬ್ಬಿಣದ್ದು. ಕಬ್ಬಿಣದಿಂದ ಹಡಗು ಕಟ್ಟುತ್ತೇವೆ ಎಂದು ಮೊದಲು ಹೇಳಿದವರನ್ನು ನೋಡಿ ಮಂದಿ ನಕ್ಕರು. ಕಟ್ಟಿಗೆ ತೇಲುತ್ತದೆ, ಕಬ್ಬಿಣ ಮುಳುಗುತ್ತದೆ, ಇದು ಮಕ್ಕಳಿಗೂ ತಿಳಿದದ್ದು ಎಂದರು. ಸ್ನಾನದ ತೊಟ್ಟಿಯಿಂದ ಎದ್ದು ಬಟ್ಟೆ ಮರೆತು ಓಡಿದನೆಂದು ಹೇಳುವ ಆ ಗ್ರೀಕ ಪಂಡಿತನ ಲೆಕ್ಕ ಅಷ್ಟು ಹಳೆಯದಾದರೂ ಜನಕ್ಕೆ ನಂಬಿಕೆ ಬರಲಿಲ್ಲ. ಇದನ್ನು ಪಾಠ ಮಾಡುವಾಗಲೆಲ್ಲ ನಾನು ಆ ನಗುವವರನ್ನು ಕಂಡು ನಗುತ್ತಿದ್ದೆ. ಆ ನಗು ನನ್ನನ್ನು ಎಲ್ಲಿಗೆ ತಂದು ಮುಟ್ಟಿಸಿತೆಂಬುದನ್ನು ಹೇಳಲಿಕ್ಕೇ ಇಷ್ಟು ಸುತ್ತು ಬಳಸಿದೆ.

ಹೋದ ವರ್ಷ ದೀಪಾವಳಿ ಮುಗಿದ ವಾರ ಚಿಗವ್ವನ ಫೋನು ಬಂತು. ಎಂಬತ್ತು ದಾಟಿದ ಹೆಂಗಸು. ಫೋನಿನಲ್ಲಿ ಹಲೋ ಎನ್ನುವ ಪದ್ಧತಿ ಇಟ್ಟುಕೊಂಡಿಲ್ಲ.

"ಈರಣ್ಣಾ, ಕೊಪ್ಪರಿಗಿ ಒಯ್ಯಾಕತ್ಯಾರ. ಅದರಾಗ ಬೆಂಕಿ ಹಾಕ್ತಾರಂತ. ನೀ ಬಾ."

ವಿಷಯ ಇಷ್ಟು. ಕಬ್ಬು ಈಗ ನೇರ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ಪಾಳಾದ ಅವರ ಗಾಣ ನಿಂತು ಕಾಲವಾಯಿತು. ಕೊಪ್ಪರಿಗೆ ಅಂಗಳದಲ್ಲಿ ಬೋರಲಾಗಿ ಬಿದ್ದಿದೆ. ಅಂದು ತೊಟ್ಟಿಲ ಕೂಸಾಗಿದ್ದ ಮಲ್ಲಪ್ಪ ಈಗ ಮೊಮ್ಮಕ್ಕಳನ್ನು ಕಂಡ ರೈತ. ಅವನಿಗೆ ಗೋವಿನಜೋಳ ಒಣಗಿಸಲು ಅಂಗಳ ಬೇಕು, ಕೊಪ್ಪರಿಗೆ ಎಡವಿ ಎಡವಿ ಅವನ ಮೊಣಕಾಲ ಕೆಳಗೆ ಒಂದು ಕಾಯಂ ಗಾಯ. ಜೋಯಿಡಾದ ಕಡೆ ಹೋಂಸ್ಟೇ ನಡೆಸುವ ದತ್ತಾ ಎಂಬವನು ಇಂಥ ಕೊಪ್ಪರಿಗೆ ಹುಡುಕುತ್ತಿದ್ದ. ಸಂಜೆ ಅದರಲ್ಲಿ ಕಟ್ಟಿಗೆ ಉರಿಸಿದರೆ ಪ್ರವಾಸಿಗರು ಸುತ್ತ ಕೂತು ಚಳಿ ಕಾಯಿಸುತ್ತಾರೆ. ಮಲ್ಲಪ್ಪ ಮಾತು ಕೊಟ್ಟಿದ್ದ.

ಅವನು ಮರೆತದ್ದು ಚಿಗವ್ವನ ಮಹಾನವಮಿಯನ್ನು. ಆಯುಧ ಪೂಜೆಯ ದಿನ ಎಲ್ಲರೂ ಕುಡಗೋಲು, ನೇಗಿಲು, ಟ್ರ್ಯಾಕ್ಟರಿಗೆ ಕಾಯಿ ಒಡೆಯುತ್ತಾರೆ. ಚಿಗವ್ವ ಮಾತ್ರ ಕೊಪ್ಪರಿಗೆಯನ್ನು ಅಂಗಾತ ಮಾಡಿಸಿ, ಅಂಚಿಗೆ ವಿಭೂತಿ ಹಚ್ಚಿ, ಕೆರೆಯಿಂದ ಕೊಡ ಕೊಡ ನೀರು ತರಿಸಿ ಅದರೊಳಗೆ ಸುರಿಸಿ, ಎಲೆಯ ದೊನ್ನೆಯಲ್ಲಿ ದೀಪ ಹಚ್ಚಿ ತೇಲಿಬಿಡುತ್ತಾಳೆ. ಮಂದಿಯ ಹಡಗು ನೀರಿನ ಮೇಲೆ ಇರುತ್ತದೆ, ನಮ್ಮ ಮನೆಯಲ್ಲಿ ಹಡಗಿನೊಳಗೆ ನೀರು ಎಂದು ಮಲ್ಲಪ್ಪ ಚೇಷ್ಟೆ ಮಾಡುತ್ತಿದ್ದ. ಅವಳು ದೀಪ ಸುತ್ತು ತಿರುಗುವುದನ್ನು ನೋಡುತ್ತ ಕೂರುತ್ತಿದ್ದಳು. ತನ್ನ ಕೂಸನ್ನು ದಡ ಮುಟ್ಟಿಸಿದ್ದು ಅದು. ಅದರಲ್ಲಿ ಬೆಂಕಿ ಹಾಕುತ್ತಾರೆಂದರೆ ಅವಳಿಗೆ ಅನ್ನ ಸೇರಲಿಲ್ಲ.

ನಾನು ಪಾಳಾಕ್ಕೆ ಹೋದ ದಿನ ದತ್ತಾ ಪಿಕಪ್ ಗಾಡಿ ತಂದೇ ಬಿಟ್ಟಿದ್ದ. ಮೂವತ್ತೈದು ನಲವತ್ತರ ವಯಸ್ಸು, ಸಣ್ಣಗೆ ಮಾತಾಡುವವನು. ಚಿಗವ್ವ ಕೊಪ್ಪರಿಗೆಯ ಮೇಲೆಯೇ ಕೂತಿದ್ದಳು, ಕೆಳಗಿಳಿಯುವ ಲಕ್ಷಣವಿರಲಿಲ್ಲ. ಇಡೀ ಕಥೆಯನ್ನು ಅವನಿಗೆ ಹೇಳಿ ಮುಗಿಸಿದ್ದಳು. ಅವನು ನಗಲಿಲ್ಲ. ಕೈಕಟ್ಟಿ ಹಿಂದೆ ಸರಿದು ನಿಂತಿದ್ದ.

ಅವನ ಅಜ್ಜ ಕಾಳಿ ನದಿಯಲ್ಲಿ ಹೋಡಿ ನಡೆಸುತ್ತಿದ್ದನಂತೆ. ಹೋಡಿ ಎಂದರೆ ಅವರ ಕೊಂಕಣಿಯಲ್ಲಿ ದೋಣಿ. ಆಣೆಕಟ್ಟಿನ ನೀರು ಆ ಊರು, ದೋಣಿ ಹತ್ತಿಳಿಯುವ ಆ ಕಡವು, ಎಲ್ಲವನ್ನೂ ತೆಗೆದುಕೊಂಡಿತು. ಆದರೆ ಮನೆಯ ಒಂದು ಪದ್ಧತಿ ಉಳಿದಿದೆ.

"ಹೋಡಿಯ ಕಟ್ಟಿಗೆ ನಾವು ಒಲೆಗೆ ಹಾಕೂದಿಲ್ಲ ಸರ್. ಹಳೇದಾದ್ರೆ ದಂಡೆ ಮೇಲೆ ಬಿಟ್ಟು ಬಿಡೂದು, ತಾನಾಗೇ ಮಣ್ಣಾಗಬೇಕು. ನೀರ ಮೇಲೆ ಮನುಷ್ಯಾರ್ನ ಹೊತ್ತದ್ದಕ್ಕೆ ಬೆಂಕಿ ತೋರಸಬಾರದು. ಈ ಆಜಿ ಹೇಳೂದು ಖರೇ ಆದ್ರೆ ನಂಗಿದು ಬ್ಯಾಡ."

"ಖರೇ ಎಲ್ಲೀದು, ದತ್ತಾಭಾವು" ಎಂದ ಮಲ್ಲಪ್ಪ. "ಕಬ್ಬಿಣ ತೇಲತೈತೇನು? ಅವ್ವ ಕತಿ ಕಟ್ಟೂದ್ರಾಗ ಭಾಳ ಶ್ಯಾಣ್ಯಾಕಿ."

"ನೀನ ಅದರಾಗ ತೇಲಿ ಬಂದಾಂವ" ಎಂದಳು ಚಿಗವ್ವ.

"ನಾ ಹಸಗೂಸು. ನಂಗೇನ ನೆನಪಿರತೈತಿ, ಆಡಿನ ಮರೀನ ಕೇಳು."

ಆಡಿನ ಮರಿ ಸಿಗುವಂತಿರಲಿಲ್ಲ. ಉಳಿದ ಸಾಕ್ಷಿ ನಾನೊಬ್ಬನೇ. ಮೂವರೂ ನನ್ನ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು, ಹೌದು, ನಾನು ಕೂತು ಬಂದಿದ್ದೇನೆ ಎಂದು. ಅಷ್ಟನ್ನು ಹೇಳಿಯೂ ಹೇಳಿದೆ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ನಾನು ಮೇಷ್ಟರು ಹೇಗಾದೇನು? ನನಗೆ ಹಾಗೆ ನೆನಪಿದೆ, ಆದರೆ ಆರು ವರ್ಷದವನ ನೆನಪನ್ನು ಪೂರ್ತಿ ನಂಬಲಾಗದು, ಕೇಳಿದ ಕಥೆಯೂ ಕಂಡಂತೆ ಉಳಿಯುವುದುಂಟು, ನೀರಿನ ಸಿಹಿಯ ಬಗ್ಗೆಯಂತೂ ನನಗೆ ಗಂಭೀರ ಅನುಮಾನಗಳಿವೆ ಎಂದು ಸೇರಿಸಿದೆ. ಮಲ್ಲಪ್ಪ ತೊಡೆ ತಟ್ಟಿಕೊಂಡ. ದತ್ತಾ ತಲೆ ಕೆರೆದುಕೊಂಡ.

ಚಿಗವ್ವ ನನ್ನನ್ನು ನೋಡಿದಳು. "ಇದನ್ನ ಹೇಳಾಕ ಇಷ್ಟು ದೂರ ಬಂದ್ಯಾ? ಧಾರವಾಡದಾಗ ಇದನ್ನ ಕಲಿಸಿದ್ರಾ?"

ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಆಗ ನನಗೊಂದು ಹುರುಪು ಬಂತು. ನೆನಪನ್ನು ಸಾಬೀತು ಮಾಡಲು ನನ್ನಿಂದಾಗದು, ಆದರೆ ಕಬ್ಬಿಣ ತೇಲುತ್ತದೆ ಎಂಬುದನ್ನು ಮಾಡಬಹುದಲ್ಲ. ಅದಕ್ಕೆ ನನ್ನ ಬಾಲ್ಯದ ಅಗತ್ಯವಿಲ್ಲ. ಕೊಪ್ಪರಿಗೆಯನ್ನು ಕೆರೆಗೆ ಇಳಿಸೋಣ, ತೇಲಿದರೆ ಚಿಗವ್ವನ ಮಾತಿಗೆ ಒಂದು ಕಾಲಾದರೂ ಸಿಗುತ್ತದೆ ಎಂದೆ. ಮಲ್ಲಪ್ಪ ಕೊಪ್ಪರಿಗೆಯ ತಳಕ್ಕೆ ಬೆರಳಿಟ್ಟು ತೋರಿಸಿದ. ಮಹಾನವಮಿಗೆ ಮೆತ್ತಿದ್ದ ಮಣ್ಣು ಉದುರಿದ ಕಡೆ, ತುಕ್ಕು ತಿಂದು ಕಡಲೆಕಾಳಿನಷ್ಟು ತೂತು. ಅದನ್ನು ಮುಚ್ಚಿ, ಒಣಗಿಸಿ, ಮುಂದಿನ ರವಿವಾರ ಪರೀಕ್ಷೆ ಎಂದು ಗೊತ್ತುಮಾಡಿದೆವು. ದತ್ತಾ ಆ ದಿನ ತಾನೂ ಬರುವುದಾಗಿ ಹೇಳಿ ಖಾಲಿ ಗಾಡಿ ತಿರುಗಿಸಿಕೊಂಡು ಹೋದ.

ಊರಿಗೆ ಮರಳುವಾಗ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಇಳಿದು ಊಟ ಮಾಡಿದೆ. ಅಲ್ಲಿ ಗೋವಿನಜೋಳದ ವ್ಯವಹಾರದಿಂದ ಮಲ್ಲಪ್ಪನಿಗೆ ಪರಿಚಯವಾಗಿ, ಅವನಿಂದ ನನಗೂ ಪರಿಚಯವಾದ ಒಬ್ಬ ಹಿರಿಯರಿದ್ದಾರೆ. ಜಪಮಣಿ ಎಣಿಸುತ್ತಲೇ ಪೇಟೆಯ ಧಾರಣೆ ಹೇಳಬಲ್ಲವರು. ಕೊಪ್ಪರಿಗೆಯ ಕಥೆ ಕೇಳಿ ಅವರಿಗೆ ಬಹಳ ಖುಷಿಯಾಯಿತು. ಅವರ ಚಿಕ್ಕಂದಿನಲ್ಲಿ, ಟಿಬೆಟಿನಲ್ಲಿ, ಯಾಕ್ ಎಂಬ ಎತ್ತಿನಂಥ ಪ್ರಾಣಿಯ ತೊಗಲಿನಿಂದ ದೋಣಿ ಮಾಡುತ್ತಿದ್ದರಂತೆ. ಹೊಳೆಯ ಸೆಳವು ಜೋರು, ಕೆಳಕ್ಕೆ ತೇಲಿ ಹೋದ ದೋಣಿಯನ್ನು ಮೇಲಕ್ಕೆ ನಡೆಸಿ ತರಲಾಗದು. ಅದಕ್ಕೆ ಅಂಬಿಗ ಅದನ್ನು ಬಿಸಿಲಿಗೆ ಒಣಗಿಸಿ, ಬೋರಲು ಮಾಡಿ ಬೆನ್ನ ಮೇಲೆ ಹೊತ್ತುಕೊಂಡು ದಂಡೆಗುಂಟ ನಡೆದು ಬರುತ್ತಿದ್ದನಂತೆ.

"ಹೋಗೂ ಮುಂದ ದೋಣಿ ಮನಷ್ಯಾನ್ನ ಹೊರತೈತ್ರಿ" ಎಂದರು ನಮ್ಮ ಕಡೆಯ ಅಪ್ಪಟ ಕನ್ನಡದಲ್ಲಿ, "ಬರೂ ಮುಂದ ಮನಷ್ಯಾ ದೋಣೀನ ಹೊರತಾನ. ಲೆಕ್ಕ ಬರೋಬರಿ."

ನಾನು ನೌಕೆಗಳ ಮೇಲೆ ಬರೆದ ದಪ್ಪ ಪ್ರಬಂಧದಲ್ಲಿ ಹೊತ್ತುಕೊಂಡು ಹೋದ ದೋಣಿಯ ಮಾತು ಎಲ್ಲೂ ಇಲ್ಲ. ಬಸ್ಸಿನಲ್ಲಿ ಹಳಿಯಾಳದವರೆಗೆ ಆ ಬೋರಲು ದೋಣಿ, ಅದರ ಕೆಳಗಿನ ಎರಡು ಕಾಲು, ನನ್ನ ಕಣ್ಣ ಮುಂದೆ ನಡೆಯುತ್ತಲೇ ಇದ್ದವು.

ಮುಂದಿನ ರವಿವಾರಕ್ಕೆ ನಾನು ಎದುರು ಮನೆಯವರ ತಂತಿಯಿಂದ ಒಂದು ಜಾಕೆಟ್ ಎರವಲು ಪಡೆದೆ. ಏಕೆಂದು ಕೇಳಿದರು. ಸಂಶೋಧನೆಗೆ ಎಂದೆ. ನನ್ನ ಹೆಂಡತಿ ಅದನ್ನು ಚೀಲದಲ್ಲಿ ತುರುಕಿ ಕೊಡುತ್ತ, ಕೊಪ್ಪರಿಗೆಯಲ್ಲಿ ಕೂತಾಗ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳಬೇಕೆಂದು ಮಾತ್ರ ಹೇಳಿದಳು. ನಾನು ಕೂರುವುದಿಲ್ಲ, ದಂಡೆಯ ಮೇಲೆ ನಿಂತು ನೋಡುತ್ತೇನೆ, ಜಾಕೆಟ್ ಕೂರುವವರಿಗೆ ಎಂದೆ. ಅವಳು ಚೀಲದಲ್ಲಿ ಒಂದು ಒಣ ಪಂಚೆಯನ್ನೂ ಇಟ್ಟಳು.

ಚಿಗವ್ವ ತೂತಿಗೆ ಬಟ್ಟೆಯ ಬತ್ತಿ ತುರುಕಿ, ಮೇಲೆ ಸುಣ್ಣ ಬೆಲ್ಲ ಕಲಸಿ ಮೆತ್ತಿಸಿದ್ದಳು. ಅದು ಕಲ್ಲಾಗಿತ್ತು. ಟ್ರ್ಯಾಕ್ಟರಿನ ಹಿಂದೆ ಕೊಪ್ಪರಿಗೆ ಕೆರೆಗೆ ಬಂತು. ಅದರ ಕಿವಿಗೆ ಮಲ್ಲಪ್ಪ ಉದ್ದನೆಯ ಹಗ್ಗ ಕಟ್ಟಿ ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡ. ತೇಲುವುದಿಲ್ಲ ಎಂದವನ ಗಂಟು ಬಹಳ ಭದ್ರವಾಗಿತ್ತು. ನಾಕು ಮಂದಿ ಸೇರಿ ನೀರಿಗೆ ನೂಕಿದರು. ಕೊಪ್ಪರಿಗೆ ಒಮ್ಮೆ ವಾಲಿತು, ಗುಳುಕ್ ಎಂದಿತು, ಆಮೇಲೆ ತಾನು ಹುಟ್ಟಿದ್ದೇ ಇದಕ್ಕೆ ಎಂಬಂತೆ ಸಮವಾಗಿ ಕೂತಿತು. ನನಗೆ ಆ ಗ್ರೀಕ ಪಂಡಿತನ ಹಾಗೆ ಓಡಬೇಕೆನಿಸಿತು, ಬಟ್ಟೆ ಸಮೇತ.

"ಬರೇ ಕೊಪ್ಪರಿಗಿ ತೇಲಿತಪಾ" ಎಂದ ಮಲ್ಲಪ್ಪ. "ಮಂದಿ ಕುಂತ್ರ?"

ದತ್ತಾನೂ ಅದನ್ನೇ ಯೋಚಿಸುತ್ತಿದ್ದ. ಅವನ ಪದ್ಧತಿ ಮನುಷ್ಯರನ್ನು ಹೊತ್ತದ್ದರ ಬಗ್ಗೆ. ಯಾರು ಕೂರಬೇಕೆಂದು ನಾವು ಚರ್ಚೆ ತೆಗೆಯುವುದರೊಳಗೆ ಚಿಗವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿ, ಇಬ್ಬರು ಹೆಂಗಸರ ಹೆಗಲು ಹಿಡಿದು, ಒಳಗೆ ಇಳಿದು ಚಕ್ಕಳಮಕ್ಕಳ ಹಾಕಿದ್ದಳು. ಮಲ್ಲಪ್ಪ ಗಾಬರಿಯಾಗಿ ಬೇಡವೆಂದ. ಅವಳು ಅವನ ಕಡೆ ನೋಡಲೇ ಇಲ್ಲ.

"ಸಾಕ್ಷೀದಾರ ಬರಲಿ" ಎಂದಳು.

ಜಾಕೆಟ್ ಅವಳಿಗೆ ತೊಡಿಸಲು ಹೋದೆ. ತನಗೆ ಆ ಕುಪ್ಪಸ ಬೇಡವೆಂದಳು. ಹೀಗಾಗಿ ಅದನ್ನು ನಾನೇ ತೊಟ್ಟೆ. ಮೊಣಕಾಲ ಮಟ್ಟದ ನೀರಿನಲ್ಲಿ, ಎದೆಯಿಂದ ಗದ್ದದವರೆಗೆ ಕಿತ್ತಳೆ ಬಣ್ಣ ಬಿಗಿದುಕೊಂಡು, ಕನ್ನಡಕವನ್ನು ಜೇಬಿಗೆ ಹಾಕಿಕೊಂಡು, ನೌಕೆಗಳ ಇತಿಹಾಸದ ಪಂಡಿತ ತನ್ನ ಹಡಗು ಹತ್ತಿದ. ದತ್ತಾ ಹಿಂದಿನಿಂದ ಎತ್ತಿ ಹಾಕಿದ ಎನ್ನುವುದು ಹೆಚ್ಚು ಸರಿ.

ದುಂಡನೆಯ ದೋಣಿಗೆ ಮುಂದು ಹಿಂದು ಇರುವುದಿಲ್ಲ, ಆದ್ದರಿಂದ ಅದು ತಿರುಗುತ್ತದೆ ಎಂದು ನಾನು ಬರೆದದ್ದುಂಟು. ಅದು ಹೇಗೆ ತಿರುಗುತ್ತದೆ ಎಂದು ಬರೆದಿರಲಿಲ್ಲ. ಮೊದಲು ಗುಡಿ ಬಂತು, ಆಮೇಲೆ ಕೆರೆಯ ಆಚೆಯ ಮರಗಳು, ಆಮೇಲೆ ಟ್ರ್ಯಾಕ್ಟರ್, ಆಮೇಲೆ ಬಾಯಿ ತೆರೆದು ಹಗ್ಗ ಹಿಡಿದ ಮಲ್ಲಪ್ಪ, ಮತ್ತೆ ಗುಡಿ. ಹಗ್ಗ ಪೂರ್ತಿ ಬಿಗಿಯಾಗುವಷ್ಟು ದೂರ ಹೋಗಿ ನಿಂತೆವು. ದಂಡೆಯ ಮಾತು ಕೇಳಿಸದಾಯಿತು. ಕೊಪ್ಪರಿಗೆಯ ಅಂಚು ಹಿಡಿದ ಕೈಯನ್ನು ಬಿಡಲು ನನಗೆ ಧೈರ್ಯವಿರಲಿಲ್ಲ, ಆದರೆ ಮನಸ್ಸು ಹಗುರಾಗಿತ್ತು. ನನ್ನ ನೆನಪು ಗೆದ್ದಿತ್ತು.

"ಚಿಗವ್ವಾ, ಅವತ್ತೂ ಹಿಂಗ ತಿರಗಿತ್ತೇನು?"

"ತಿರಗಾಕ ನಾ ಎಲ್ಲಿ ಬಿಟ್ಟೆ? ಹಿಂದ ಕೈಹಚ್ಚಿ ದಬ್ಬಕೋತ ನಡದಿದ್ದೆ."

"ನಾ ಈ ಕಡೆ ಕುಂತಿದ್ದೆ ಅಲ್ಲ?"

ಅವಳು ನೀರಿನಲ್ಲಿ ಕೈ ಅದ್ದಿ ಮುಖ ಒರೆಸಿಕೊಂಡಳು. "ನೀ ಎಲ್ಲಿ ಕುಂತಿದ್ದಿ, ಈರಣ್ಣಾ. ನೀ ಹತ್ತಲೇ ಇಲ್ಲ. ಕಬ್ಬಿಣ ಮುಳಗತೈತಿ, ನಾ ಒಲ್ಲೆ ಅಂತ ಕಂಬಾ ಹಿಡಕೊಂಡು ಅತ್ತಿ. ಹೆಗಲ ಮ್ಯಾಲ ಕುಂದರಿಸಿಕೊಂಡೆ. ಕಿವ್ಯಾಗ ಒಂದ ಸವನ ಒದರಾಕತ್ತಿದ್ದಿ, ಬಾಯಾಗ ಒಂದ ಬೆಲ್ಲದ ಚೂರು ತುರಕಿದೆ."

ಗುಡಿ ಬಂತು, ಮರಗಳು ಬಂದವು, ಟ್ರ್ಯಾಕ್ಟರ್ ಬಂತು. ಮೇಲಿನಿಂದ ಕಂಡ ಕೂಸಿನ ಮುಖ. ಬಾಯಿಗೆ ಬಂದ ಸಿಹಿ ನೀರು. ಕಂಡದ್ದೆಲ್ಲ ಸರಿಯಾಗಿಯೇ ಇತ್ತು, ಕೂತ ಜಾಗ ಒಂದು ತಪ್ಪಿತ್ತು. ಕಬ್ಬಿಣದ ಹಡಗನ್ನು ನೋಡಿ ನಕ್ಕವರ ಸಾಲಿನಲ್ಲಿ ಆರು ವರ್ಷದ ನಾನೂ ಇದ್ದೆ, ನಗುವ ಬದಲು ಅಳುತ್ತಿದ್ದೆ ಎಂಬುದಷ್ಟೇ ವ್ಯತ್ಯಾಸ.

"ಹಂಗಾರ ಹ್ವಾದ ವಾರ ನಾ ಕುಂತಿದ್ದೆ ಅಂತ ಹೇಳಿದಾಗ ಸುಮ್ಮನ ಯಾಕಿದ್ದಿ?"

"ಇದ್ದ ಒಬ್ಬ ಸಾಕ್ಷೀನೂ ನಾನ ಕೆಡಿಸಿಕೊಳ್ಳಲೇನು?"

ಮಲ್ಲಪ್ಪ ಹಗ್ಗ ಎಳೆಯತೊಡಗಿದ. ದಂಡೆ ಹತ್ತಿರವಾದಂತೆ ನನಗೆ ಸಂಕಟ. ದತ್ತಾ ನನ್ನ ಮಾತನ್ನು ಆಧರಿಸಿ ತೀರ್ಮಾನಿಸುವವನು. ಆ ಮಾತು ತಪ್ಪೆಂದು ಈಗ ಗೊತ್ತಾಗಿದೆ. ಚಿಗವ್ವನ ಮುಖ ನೋಡಿದೆ. ಅವಳು ತನ್ನ ಪಾಡಿಗೆ ಗುಡಿಯ ಕಡೆ ನೋಡುತ್ತಿದ್ದಳು. ಕೊನೆಗೆ, ಮೊಣಕಾಲ ನೀರಿಗೆ ಬಂದಾಗ, ಕೊಪ್ಪರಿಗೆಯೊಳಗಿನಿಂದಲೇ ಹೇಳಿಬಿಟ್ಟೆ: ದತ್ತಾ, ನಾನು ಅಂದು ಇದರಲ್ಲಿ ಕೂತಿರಲಿಲ್ಲ, ಚಿಗವ್ವನ ಹೆಗಲ ಮೇಲಿದ್ದೆ, ಕೂಸು ಮಾತ್ರ ಇದರಲ್ಲಿತ್ತು, ಅದನ್ನು ಮೇಲಿನಿಂದ ನೋಡಿದ್ದೇನೆ.

ಮಲ್ಲಪ್ಪ ಎಳೆಯುವುದನ್ನು ನಿಲ್ಲಿಸಿದ. ಯಾವುದೋ ಚೇಷ್ಟೆಯ ಮಾತು ಬಾಯಿಗೆ ಬಂದದ್ದು ಕಂಡಿತು, ಅಲ್ಲೇ ನಿಂತಿತು. ಕೊಪ್ಪರಿಗೆಯನ್ನು, ಅದರಲ್ಲಿ ಕೂತ ಅವ್ವನನ್ನು ಒಮ್ಮೆ ನೋಡಿದ. ನಂತರ ಹಗ್ಗವನ್ನು ಸೊಂಟಕ್ಕೆ ಇನ್ನೊಂದು ಸುತ್ತು ಸುತ್ತಿಕೊಂಡ.

ದತ್ತಾ ನೀರಿಗಿಳಿದು ಬಂದು ಕೊಪ್ಪರಿಗೆಯ ಅಂಚು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ.

"ಅಂದಿಂದು ನೀವು ನೀವು ನೋಡ್ಕೊಳ್ಳಿ ಸರ್. ಈಗ ಎರಡು ಮನುಷ್ಯಾರು ನನ್ನ ಕಣ್ಣ ಮುಂದೇನೇ ಕೂತು ಬಂದ್ರಿ. ಇದಕ್ಕೆ ಬೆಂಕಿ ಹಚ್ಚೂದು ಇನ್ನು ನನ್ನ ಕೈಲಿ ಆಗೂದಿಲ್ಲ."

ಹಳಿಯಾಳದ ಕಡೆ ಗಾಣ ಬಿಟ್ಟವರ ಮನೆಗಳಲ್ಲಿ ಕೊಪ್ಪರಿಗೆಗಳು ಬೇಕಾದಷ್ಟಿವೆ, ನೀರು ಕಾಣದ ಒಂದನ್ನು ಹುಡುಕಿಕೊಳ್ಳುತ್ತೇನೆ ಎಂದ. ಮಲ್ಲಪ್ಪ ತಾನೇ ಹುಡುಕಿ ಕೊಡುವುದಾಗಿ ಹೇಳಿದ. ಗೋವಿನಜೋಳವನ್ನು ಈ ಸಲ ಮಾಳಿಗೆಯ ಮೇಲೆ ಒಣಗಿಸಿದರಾಯಿತು ಎಂಬುದನ್ನು ಯಾರಿಗೂ ಅಲ್ಲದಂತೆ ಹೇಳಿಕೊಂಡ. ಚಿಗವ್ವ ಕೇಳಿಸದವಳಂತೆ ಸೀರೆಯ ಸೆರಗು ಹಿಂಡುತ್ತಿದ್ದಳು.

ನಾನು ಕೆಳಗಿಳಿದೆ. ಕಾಲು ಕೆಸರಿನಲ್ಲಿ ಹೂತಿತು. ಚಿಗವ್ವ ಇಳಿದರೆ ಜಾರುತ್ತಾಳೆ ಎನಿಸಿ ಅವಳ ಕಡೆ ಬೆನ್ನು ಮಾಡಿ ಬಗ್ಗಿ ನಿಂತೆ. ಹತ್ತು, ದಂಡೆಗೆ ಮುಟ್ಟಿಸುತ್ತೇನೆ ಎಂದೆ. ತಿರುಗಿ ನೋಡಿದರೆ ಅವಳು ನನ್ನನ್ನು, ಆ ಕಿತ್ತಳೆ ಜಾಕೆಟನ್ನು, ಕೆಸರಿನಲ್ಲಿ ಹೂತಿದ್ದ ನನ್ನ ಕಾಲುಗಳನ್ನು ಅಳೆಯುತ್ತಿದ್ದಳು.

"ಒಲ್ಲೆಪಾ. ನೀ ಮುಳಗತಿ, ಕಬ್ಬಿಣನ ಬೇಷಿ" ಎಂದಳು.

ಮಲ್ಲಪ್ಪ ಮುಂದಿನಿಂದ ಹಗ್ಗ ಎಳೆದ. ನಾನು ಹಿಂದೆ ಕೈಹಚ್ಚಿ ದಬ್ಬಿಕೊಂಡು ನಡೆದೆ.